ಏಣಿ ನೋಡುವವಳು

ಏಪ್ರಿಲ್ ಮೊದಲ ಸೋಮವಾರ. ದೋಣಿಗಳಿನ್ನೂ
ಬಂದರಿನ ದಡದಲ್ಲಿ ಬೋರಲು ಮಲಗಿ
ಬಣ್ಣ ಬಳಿಸಿಕೊಳ್ಳುತ್ತಿವೆ.
ನನ್ನ ಬೆನ್ನಿಗೆ ಹಗ್ಗ, ಸೊಂಟಕ್ಕೆ ಗರಗಸ,
ಹಪ್ಪಳದಷ್ಟು ತೆಳ್ಳನೆಯ ರೊಟ್ಟಿಯ ಕಟ್ಟು,
ಮೇಲೆ ಪಂಚಾಯಿತಿ ಕೊಟ್ಟ ಹಳದಿ ಅಂಗಿ.
ಬಿದ್ದರೆ ಗುರುತು ಸಿಗಲಿ ಅಂತ.

ಸಾರ್ಡೀನಿಯಾದ ಈ ಮೂಡಣ ಅಂಚಿನಲ್ಲಿ
ನೆಲ ಕಡಲಿಗೆ ಇಳಿಯುವುದಿಲ್ಲ,
ಮುಗಿದುಬಿಡುತ್ತದೆ,
ಮಾತಿನ ನಡುವೆ ಎದ್ದು ಹೋದವನ ಹಾಗೆ.
ಆಮೇಲೆ ನೂರು ಮಾರು ಸುಣ್ಣಕಲ್ಲಿನ ಗೋಡೆ,
ಕೆಳಗೆ ಅಂಗೈಯಗಲ ಬಿಳಿ ಮರಳು.
ನಡುವೆ ಹದಿನೇಳು ಏಣಿ.

ಏಣಿ ಅಂದರೆ ನಿಮ್ಮ ಅಟ್ಟದ ಏಣಿಯಲ್ಲ.
ಬಿರುಕಿಗೆ ಸಿಕ್ಕಿಸಿದ ಜುನಿಪರ್ ಕೊರಡು,
ಕೊಂಬೆ ಕಡಿದಲ್ಲೆಲ್ಲ ಗೇಣುದ್ದದ ಮೋಟು.
ಮೊಳೆ ಹೊಡೆಯುವ ಹಾಗಿಲ್ಲ,
ಕಬ್ಬಿಣ ಕಂಡರೆ ಇಲ್ಲಿಯ ಗಾಳಿಗೆ ಹಸಿವು.
ಬೋಯೆಲೆ ಮಾವ ಹೇಳಿಕೊಟ್ಟದ್ದು ಇಷ್ಟು:
ಮೊದಲು ಮೂಸು. ವಾಸನೆ ಇದ್ದರೆ ಮರ ಇದೆ.
ಆಮೇಲೆ ಹಿಮ್ಮಡಿಯಿಂದ ಒದೆ.
ಆಮೇಲೂ ನಂಬಬೇಡ.

ಮಾವನಿಗೆ ಕಲಿಸಿದವರ ಹೆಸರು ಯಾರಿಗೂ ನೆನಪಿಲ್ಲ.
ಇದ್ದಿಲು ಸುಡಲು ಆಚೆ ದಡದಿಂದ ಬಂದವರು,
ಬೆಟ್ಟದ ಓಕ್ ಕಾಡನ್ನು ಮಣ್ಣಡಿ ಹೊಗೆಯಾಡಿಸಿ
ಮೂಟೆ ಹೊತ್ತು ಇದೇ ಬಿರುಕಿನಲ್ಲಿ ಇಳಿದವರು.
ಸಂಜೆಯ ಹೊತ್ತಿಗೆ ಎಲ್ಲರದೂ ಒಂದೇ ಕಪ್ಪು ಮುಖ,
ಯಾರು ಯಾರೆಂದು ಕೆಮ್ಮಿನಿಂದ ತಿಳಿಯಬೇಕಿತ್ತಂತೆ.
ಕಾಡು ಹೋಯಿತು, ಅವರೂ ಹೋದರು.
ಇಳಿಯುವ ದಾರಿ ಉಳಿಯಿತು.
ಅದನ್ನು ಹುಡುಕಿಕೊಂಡು ಈಗ
ಮ್ಯೂನಿಕ್ಕಿನಿಂದ ಬರುತ್ತಾರೆ.

ಒಂಬತ್ತನೆಯ ಏಣಿಯ ನೆತ್ತಿಯಲ್ಲಿ
ಗೊನಾರಿಯಾಳ ದೊಡ್ಡಿ. ನಲವತ್ತು ಆಡು, ಒಂದು ರೇಡಿಯೋ.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ;
ಇವು ಹೋದ ಚಳಿಗಾಲ ನನ್ನ ಹಗ್ಗದ ಗಂಟನ್ನೂ ಬಿಟ್ಟಿಲ್ಲ.
ಅರವತ್ತು ವರ್ಷ ಕಡಲಿಗೆ ಬೆನ್ನು ಹಾಕಿ ಹಾಲು ಕರೆದವಳು,
ಒಮ್ಮೆಯೂ ಕೆಳಗಿಳಿದಿಲ್ಲ.
‘ಅಲ್ಲಿಂದ ಬಂದವರು ಯಾರೂ
ಬರಿಗೈಲಿ ಹೋದದ್ದಿಲ್ಲ’ ಅನ್ನುತ್ತಾಳೆ.
‘ಏನಾದರೂ ತರಲೇ ಅಜ್ಜಿ?’
‘ಕರಿ ಕಿವಿಯ ಮರಿ ಕಂಡರೆ ಕೂಗು.’

ಹತ್ತು. ಹನ್ನೊಂದು. ಹನ್ನೆರಡರಲ್ಲಿ ಹಲ್ಲಿಗಳ ಸಂಸಾರ.
ಹದಿಮೂರರಲ್ಲಿ ಮೂಸುವುದ ಮರೆತೆ.
ಮೋಟು ಮುರಿದ ಸದ್ದು ಸಣ್ಣದು,
ಒಣ ಬೀನ್ಸಿನ ಕಾಯಿ ಸುಲಿದಷ್ಟು.
ಒಂದು ಕಾಲು ಗಾಳಿಯಲ್ಲಿ, ಕೆನ್ನೆ ಬಂಡೆಗೆ,
ಎದೆಯ ಬಡಿತ ಬಂಡೆಯದೋ ನನ್ನದೋ.
ಕೈ ಮಾತ್ರ ತನ್ನಷ್ಟಕ್ಕೆ
ಮೇಲಿನ ಮೋಟು ಹಿಡಿದಿತ್ತು, ನನ್ನನ್ನು ಕೇಳದೆ.

ಕೆಳಗೆ ಯಾರೂ ಇಲ್ಲ.
ಜುಲೈನಲ್ಲಿ ಇಲ್ಲಿ ಟವೆಲ್ ಹಾಸಲು ಜಾಗವಿರದು.
ಈಗ ಚಳಿಗಾಲ ಎಸೆದುಹೋದ ಒಂದು ಚಪ್ಪಲಿ,
ಎಡಗಾಲಿನದು,
ಮತ್ತು ಸೀಸೆಯ ತಳದಂಥ ಹಸಿರು ನೀರು.
ನನಗೆ ಈಜು ಬಾರದು.
ಶೂ ಬಿಚ್ಚಿ ಕೂತೆ, ಕಾಲಿನ ನಡುಕ ತೀರುವ ತನಕ
ಹಿಮ್ಮಡಿಯಿಂದ ಮರಳು ಕೆದರುತ್ತ.
ಬಿಳಿ. ಬಿಳಿ. ಒದ್ದೆ ಬಿಳಿ.
ಮೊಳದಾಳದಲ್ಲಿ ಕಪ್ಪು.

ಮೂಟೆಗಳನ್ನು ಇಲ್ಲಿಯೇ ಒಟ್ಟುತ್ತಿದ್ದಿರಬೇಕು,
ಹಡಗು ತಡವಾದ ದಿನ.
ಬೆರಳಷ್ಟು ತುಂಡೊಂದು ಕೈಗೆ ಬಂತು,
ಉಗುರಿನಿಂದ ಗೀರಿದರೆ ಮರದ ಎಳೆ ಇನ್ನೂ ಕಾಣುತ್ತದೆ.
ಮೂಸಿದೆ. ಉಪ್ಪು, ಅಷ್ಟೇ.

ಹತ್ತಿ ಬರುವಾಗ ಗೊನಾರಿಯಾಳ ಕೈಗಿಟ್ಟೆ.
ಕೆಳಗಿನ ಕತೆಯನ್ನೆಲ್ಲ ಹೇಳಿದೆ, ಸ್ವಲ್ಪ ಹೆಚ್ಚೇ ಹೇಳಿದೆ.
ಅವಳು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ
‘ನಮ್ಮ ಬೆಟ್ಟದ್ದೇ’ ಅಂದು
ಒಲೆಗೆ ಹಾಕಿದಳು.
ಚುಸ್ ಅಂದಿತು. ತುಂಬ ಹೊತ್ತು ಸುಮ್ಮನಿತ್ತು.
ಹಾಲು ಉಕ್ಕುವ ವೇಳೆಗೆ
ಒಂದು ಮೂಲೆ ಕೆಂಪಾಯಿತು.

ಪುಸ್ತಕದಲ್ಲಿ ಬರೆದೆ:
ಹದಿಮೂರನೆಯ ಏಣಿ, ಮೇಲಿನಿಂದ ನಾಲ್ಕನೆಯ ಮೋಟು, ಹೊಸದು ಬೇಕು.
ಕರಿ ಕಿವಿಯ ಮರಿ, ಕಾಣಲಿಲ್ಲ.