ಐವತ್ತನಾಲ್ಕು ನಿಮಿಷ

ಪುಣೆಯಲ್ಲಿ ಅಚ್ಚಾದ ಕನ್ನಡ ಗಣಿತದ ಪುಸ್ತಕ
ಈ ಸಲ ಆಗಸ್ಟಿಗೆ ಬಂತು,
ಅಕ್ಕಲಕೋಟೆಯ ಎಸ್.ಟಿ. ಬಸ್ಸಿನ ಹಿಂದಿನ ಸೀಟಿನಲ್ಲಿ
ಯಾರದೋ ತೊಗರಿಚೀಲಕ್ಕೆ ಒರಗಿ ಕೂತು.
ಪುಟ ಎಪ್ಪತ್ತೊಂದು, ಆರನೆಯ ಲೆಕ್ಕ:
ಎರಡು ಶಹರಗಳ ಅಂತರ ಆರುನೂರಾ ಮೂವತ್ತು ಕಿಲೋಮೀಟರು,
ವಿಮಾನದ ವೇಗ ತಾಸಿಗೆ ಏಳುನೂರು,
ಹಾಗಾದರೆ ತಗಲುವ ಸಮಯವೆಷ್ಟು?

ಶಹರಗಳಿಗೆ ಹೆಸರಿರಲಿಲ್ಲ.
‘ಹೆಸರಿಲ್ಲದ ಊರಿಗೆ ಹ್ಯಾಂಗ ಹೋಗೂದ್ರಿ ಸರ?’
ಗುರುಬಾಯಿ ಕೇಳಿದಳು, ಸರಿಯಾಗೇ ಕೇಳಿದಳು.
ಹೈದರಾಬಾದು, ಮುಂಬಯಿ ಎಂದು ಹಲಗೆಯ ಮೇಲೆ ಬರೆದೆ.

ಹನ್ನೊಂದೂ ಹತ್ತಕ್ಕೆ ದಿನಾ ಒಂದು ಹೋಗುತ್ತದೆ
ನಮ್ಮ ಶಾಲೆಯ ತಗಡಿನ ಮೇಲೆ.
ಭೀಮೆಯ ಆಚೆ ಕರ್ನಾಟಕ, ಈಚೆ ನಾವು;
ಅಷ್ಟು ಎತ್ತರದಿಂದ
ಎರಡೂ ದಂಡೆ ಒಂದೇ ಕರಿಮಣ್ಣು ಇರಬೇಕು.
ಹನುಮಪ್ಪನ ಗುಡಿಯಿಂದ ಕಬ್ಬಿನ ಕಾಟಾದ ತನಕ
ನಮ್ಮೂರು ಎಷ್ಟು ಮಾಡಿದರೂ ಒಂದು ಕಿಲೋಮೀಟರು.
ಒಂಬತ್ತು ಮಕ್ಕಳೂ ಭಾಗಿಸಿದರು:
ಐದು ಸೆಕೆಂಡು.
ಹಾಜರಿ ಪುಸ್ತಕದಲ್ಲಿ ಎರಡು ಹೆಸರು ಕೂಗುವಷ್ಟು.

ಐವತ್ತನಾಲ್ಕು ನಿಮಿಷದಲ್ಲಿ ನಮ್ಮ ಬಸ್ಸು
ಅಕ್ಕಲಕೋಟೆಯ ಸ್ಟ್ಯಾಂಡಿಗೆ ಹೋಗಿ ಮುಟ್ಟುತ್ತದೆ,
ಹಳ್ಳಕ್ಕೆ ನೀರು ಬರದಿದ್ದರೆ,
ಕಂಡಕ್ಟರನಿಗೆ ಚಿಲ್ಲರೆ ಸಿಕ್ಕರೆ.

ಎಲ್ಲರೂ ಐವತ್ತನಾಲ್ಕು ಬರೆದರು.
ಲಾಡ್ಲೆಮಶಾಕ ಒಬ್ಬ
ಒಂದು ತಾಸು ಹತ್ತೊಂಬತ್ತು ನಿಮಿಷ ಎಂದು ಬರೆದಿದ್ದ.
ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ,
ಕೆಳಗೆ ಬಿಡಿಸಿದ್ದು ಕಂಡಿತು:
ಹಾರೂದು ೫೪. ನಿಂದ್ರೂದು ೨೫.

‘ನಿಂದ್ರೂದು ಯಾಕೋ?’
‘ಅಮ್ಮಿ ಕಸಾ ಹೊಡೀಬೇಕಲ್ರಿ ಸರ.’

ಅಮ್ಮಿ ಅಂದರೆ ಜೈತುನಬಿ. ಮೂರು ವರ್ಷವಾಯಿತು ಮುಂಬಯಿಗೆ ಹೋಗಿ.
ನಾಲ್ಕು ಹೆಂಗಸರು, ನೂರಾ ಎಂಬತ್ತು ಸೀಟು,
ಜೇಬಿನೊಳಗಿನ ಟಿಶ್ಯೂ, ಕೂಸಿನ ವಾಂತಿ, ಯಾರದೋ ಕಾಲುಚೀಲ;
ಬೆಲ್ಟುಗಳನ್ನು ಕತ್ತರಿಯ ಹಾಗೆ ಮಡಚಿಡಬೇಕಂತೆ,
ಮುಂದಿನವರಿಗೆ ತಾವೇ ಮೊದಲು ಕೂತ ಹಾಗೆ ಅನ್ನಿಸಬೇಕಂತೆ.
ಇಪ್ಪತ್ತೈದು ನಿಮಿಷ. ಮೀರಿದರೆ ಸೂಪರ್‌ವೈಸರ್ ಕೂಗುತ್ತಾನೆ.
ದಿನಕ್ಕೆ ಒಂಬತ್ತು ವಿಮಾನ ಹತ್ತುತ್ತಾಳೆ ಅವಳು,
ಒಂಬತ್ತರಿಂದಲೂ
ಹತ್ತಿದ ಊರಲ್ಲೇ ಇಳಿಯುತ್ತಾಳೆ.

ಪುಸ್ತಕದ ಕೊನೆಯ ಉತ್ತರಪಟ್ಟಿಯಲ್ಲಿ ಐವತ್ತನಾಲ್ಕೇ ಇತ್ತು.
ಅರ್ಧ ಅಂಕ ಕೊಟ್ಟೆ.
ಉಳಿದ ಅರ್ಧ ಇನ್ನೂ ನನ್ನ ಹತ್ತಿರವೇ ಇದೆ.

ತಮ್ಮನ ಮದುವೆಗೆಂದು ಜನವರಿಯಲ್ಲಿ ಬಂದಳು.
ಪುಣೆಯ ತನಕ ಜನರಲ್ ಡಬ್ಬಿಯಲ್ಲಿ ನಿಂತು,
ಅಕ್ಕಲಕೋಟ ರೋಡಿನಲ್ಲಿ ನಸುಕಿಗೆ ಇಳಿದು,
ಹಾಲಿನ ಕ್ಯಾನುಗಳ ನಡುವೆ ಟಂಟಂ ಏರಿ;
ಎಷ್ಟು ಹೊತ್ತಾಯಿತು ಎಂದು ಕೇಳಿದೆ.
‘ಯಾರ್ ಲೆಕ್ಕಾ ಇಟ್ಟಾರ್ರಿ’ ಅಂದಳು.

ಮರುದಿನ ಹನ್ನೊಂದೂ ಹತ್ತಕ್ಕೆ
ಮಕ್ಕಳು ಅಂಗಳಕ್ಕೆ ಓಡಿದರು, ಚಾಕು ಹಿಡಿದೇ ನಾನೂ.
ಶಾಲೆಯ ಗೋಡೆಗೆ ಹೊಂದಿದ ಕಟ್ಟೆಯ ಮೇಲೆ
ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.
ಲಾಡ್ಲೆಮಶಾಕ ಕೈ ಮಾಡಿ ತೋರಿಸಿದ: ಅಮ್ಮೀ, ಅಮ್ಮೀ.
ಅವಳು ತಲೆ ಎತ್ತಲಿಲ್ಲ.

‘ಹದಿನಾಲ್ಕನೇ ಸಾಲಿನ್ಯಾಗ
ಯಾರರ ಶೇಂಗಾ ಸಿಪ್ಪಿ ಒಗದಿರ್ತಾರ ನೋಡ್ರಿ ಸರ’
ಎಂದು, ಜೋಳದೊಳಗಿನ ಒಂದು ಹರಳು ಹೆಕ್ಕಿ
ದಾರಿಗೆ ಎಸೆದಳು.