ಇತರೆ

ಹೂಮಳೆ ಬಿದ್ದ ತಾರೀಖು ಬೇಕಿತ್ತು, ಇನ್ಶೂರೆನ್ಸಿನವನಿಗೆ.
ಹನ್ನೊಂದು ವರ್ಷದ ಮೇಲ್ ರಾಶಿಯ ಮುಂದೆ ಕೂತು,
ಸುಂಟಿಕೊಪ್ಪದ ಕಂಪ್ಯೂಟರ್ ಹುಡುಗಿ ಸಿಕ್ಕಿಸಿಕೊಟ್ಟ
ಹೊಸ ಎಕ್ಸ್‌ಟೆನ್ಶನ್ನಿಗೆ
ರೈಟರ್ ಮೊಣ್ಣಪ್ಪನ ಹೆಸರು ಕೊಟ್ಟೆ.

ಸಾಲಾಗಿ ಎದ್ದು ಬಂದವು
ಅವನ ಬೆಳಗಿನ ಎಂಟು ಗಂಟೆಗಳು:
ಎರಡು ಇಂಚು ಹದಿನಾಲ್ಕು ಸೆಂಟು.
ಸೊನ್ನೆ.
ಸೊನ್ನೆ, ಮೋಡ ಇದೆ.
ಮಾರ್ಚ್ ಹತ್ತೊಂಬತ್ತು, ಒಂದು ಇಂಚು, ಹೂವಿಗೆ ಸಾಕು ಮೇಡಂ.

ಜಾಣ ಯಂತ್ರ. ಬೇಸಿಗೆಗೆ ಹಳದಿ ಚೀಟಿ,
ಕಕ್ಕಡಕ್ಕೆ ನೀಲಿ.
ಇಂಚು ಇಲ್ಲದ್ದಕ್ಕೆ ತಳದಲ್ಲೊಂದು ಡಬ್ಬಿ: ಇತರೆ.

ತೆರೆದರೆ ಎರಡೇ ಎರಡು.
ಗುಡ್ಡ ಜಾರಿದ ಆಗಸ್ಟಿನದು:
"ಮಳೆ ಅಳೆಯುವ ಡಬ್ಬ ಇಲ್ಲ ಮೇಡಂ.
ಅದು ನಿಂತಿದ್ದ ಜಾಗವೂ ಇಲ್ಲ.
ನಾವು ಹನ್ನೆರಡು ಮಂದಿ ಶಾಲೆಯಲ್ಲಿದ್ದೇವೆ."
ಮರುದಿನ, ಅದೇ ಎಂಟು ಗಂಟೆಗೆ:
"ಹಾರ್ಲಿಕ್ಸ್ ಬಾಟ್ಲಿ ಇಟ್ಟಿದ್ದೆ. ಕುತ್ತಿಗೆವರೆಗೆ ತುಂಬಿದೆ."

ಎರಡೂ ಇನ್ನೂ ದಪ್ಪಕ್ಷರದಲ್ಲೇ ಇದ್ದವು.
ಒತ್ತಿದೆ. ತೆಳುವಾದವು.

ಇನ್ಶೂರೆನ್ಸಿನವನಿಗೆ ಹತ್ತೊಂಬತ್ತು ಎಂದು ಕಳಿಸಿ
ಮೊಣ್ಣಪ್ಪನಿಗೆ ಫೋನು ಮಾಡಿದೆ:
ಆ ಬಾಟ್ಲಿಯ ಕುತ್ತಿಗೆ ಅಂದರೆ ಎಷ್ಟು ಇಂಚು?

"ಈಗ ಕೇಳ್ತೀರಾ," ಎಂದ.
ಆಮೇಲೆ, ಕೆಮ್ಮಿ,
"ಬರ್ಕೊಳ್ಳಿ."