ನಡುವಿನ ಕುರ್ಚಿ

ಹೊಟ್ಟೆನೋವು ನನ್ನದು. ಸ್ಕ್ಯಾನಿನಲ್ಲಿ ಏನೂ ಇಲ್ಲ.
ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ
ಕೊನೆಯ ಕೋಣೆಗೆ ಬರೆದುಕೊಟ್ಟರು.
ನಾನು ನಡುವೆ ಕೂತೆ, ಎಂದಿನಂತೆ.

‘ಇವಳಿಗೆ ನೋವೆಂದು ಮೊದಲು ಯಾರಿಗೆ ಗೊತ್ತಾಗುತ್ತೆ?’
ಅಮ್ಮನಿಗೆ.
‘ಅಪ್ಪನಿಗೆ ಹೇಳುವವರು?’
ಅಮ್ಮ ನನ್ನ ಕಡೆ ನೋಡಿದಳು.

ಜಬೀನಾ ಮೇಡಂ ಹಾಳೆ ತೆಗೆದು
ಅಪ್ಪನಿಗೆ ಚೌಕ, ಅಮ್ಮನಿಗೆ ವೃತ್ತ,
ಸತ್ತ ಪಿಳ್ಳಮ್ಮಜ್ಜಿಗೂ ಒಂದು, ಅಡ್ಡ ಗೀಟು ಹೊಡೆದು.
ಚೌಕಕ್ಕೂ ವೃತ್ತಕ್ಕೂ ನಡುವೆ ಗರಗಸದ ಹಲ್ಲು.
ನನ್ನ ಪುಟ್ಟ ವೃತ್ತಕ್ಕೆ ಎಷ್ಟು ಗೆರೆ ಬಂದು ಸೇರಿದವೆಂದರೆ
ನಾನೇ ಕಾಣಲಿಲ್ಲ.

‘ಮಗೂ, ಕಿಟಕಿ ಹತ್ತಿರ ಕೂರು.’
ಎದ್ದೆ. ಖಾಲಿ ಕುರ್ಚಿಯ ಆಚೆ ಈಚೆ ಇಬ್ಬರೂ
ಫೋಟೊ ಸ್ಟುಡಿಯೋದಲ್ಲಿ ಮೊದಲ ಸಲ ಕೂತ ಹಾಗೆ.

ಅಪ್ಪ ಶಿಡ್ಲಘಟ್ಟದ ಬಿಚ್ಚಾಣಿಕೆಯವನು.
ಬೆಂದ ಬೆರಳು ನೋಡಿಕೊಳ್ಳುತ್ತ, ಯಾರಿಗೋ ಎಂಬಂತೆ:
‘ಎಳೆ ಮತ್ತೆ ಮತ್ತೆ ಕಡೀತಾ ಇದ್ರೆ
ಗೂಡನ್ನ ಬಯ್ಯಲ್ಲ ಮೇಡಂ ನಾವು.
ನೀರು ಮುಟ್ಟಿ ನೋಡ್ತೀವಿ.’
ಹೇಳಿ, ತಾನೇ ಬೆಚ್ಚಿದ.

ವಾಪಸು ಬಸ್ಸಲ್ಲಿ ದುಡ್ಡಿನ ಟಿಕೆಟ್ಟು ಅವನೊಬ್ಬನಿಗೇ.
ಚೀಟಿಯ ಹಿಂದೆ ಬಾಕಿ ಬರೆದಿತ್ತು.
‘ಇಸ್ಕೊಂಡ್ರಾ ಕೇಳೇ ನಿಮ್ಮಪ್ಪನ್ನ.’
ನಾನು ದ್ರಾಕ್ಷಿ ಚಪ್ಪರ ಎಣಿಸುತ್ತಿದ್ದೆ.
ಕೇಳಿಸಿತ್ತು. ಹೊಟ್ಟೆ ಒಮ್ಮೆ ಹಿಂಡಿತು.
ಎಣಿಸುತ್ತಲೇ ಇದ್ದೆ.

ಹಂಡಿಗನಾಳ ದಾಟಿತು.
‘ರೀ, ಬಾಕಿ,’ ಅಂದಳು ಅಮ್ಮ.
ಅಪ್ಪ ನನ್ನ ಮುಖ ನೋಡಿದ,
ಆಮೇಲೆ, ನಿಧಾನಕ್ಕೆ, ಅವಳದ್ದು.